ಧಾರಾವಾಹಿ ಮುಗಿಯಲಿ ಎಂದಳು ಕಾಕು

ನಮ್ಮ ಮನೆಯಲ್ಲಿ ಟಿವಿ ನೋಡುವುದೆಂದರೆ ಟಿವಿಗಿಂತ ನಾವೇ ಹೆಚ್ಚು ಮಾತಾಡುವುದು. ದಿಲ್‌ಸುಖ್‌ನಗರದ ಆ ಎರಡನೆಯ ಮಹಡಿಯ ಮನೆಯ ಪಡಸಾಲೆ ಸಣ್ಣದು, ಬಾಯಿಗಳು ದೊಡ್ಡವು. ನೀರಾವರಿ ಇಲಾಖೆಯಿಂದ ನಿವೃತ್ತರಾದ ಅಪ್ಪನಿಗೆ ಪರದೆಯ ಮೇಲೆ ಯಾರು ಏನು ಮಾಡಿದರೂ ಅದರಲ್ಲಿ ತಪ್ಪು ಕಾಣುತ್ತದೆ. ಅವ್ವನಿಗೆ ಯಾರ ಮುಖ ಕಂಡರೂ ಬೀಗರಲ್ಲೊಬ್ಬರ ನೆನಪಾಗುತ್ತದೆ. ಕೆಳಮನೆಯ ತೆಲುಗು ಆಂಟಿ ತಮ್ಮ ಮನೆಯಲ್ಲಿ ಇನ್ನೂ ದೊಡ್ಡ ಟಿವಿ ಇದ್ದರೂ ಮೇಲೆ ಬಂದು ಕೂಡುತ್ತಾರೆ, ಏಕೆಂದರೆ ಅವರ ಯಜಮಾನರು ನೋಡುವಾಗ ಮಾತಾಡಿದರೆ ಸಿಟ್ಟಾಗುತ್ತಾರೆ. ಇವರೆಲ್ಲರ ನಡುವೆ ಬಾಯಿ ಮುಚ್ಚಿಕೊಂಡು ನೋಡುವವಳು ನಮ್ಮ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಒಬ್ಬಳೇ.

ಆ ಪೊಲೀಸ್ ಧಾರಾವಾಹಿಯನ್ನು ಮನೆಗೆ ತಂದವಳು ನಾನು. ಸನತ್‌ನಗರದ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಅಲ್ಲಿ ಊಟದ ಹೊತ್ತಿಗೆ ಡಬ್ಬಿ ಬಿಚ್ಚಿದರೆ ಎಲ್ಲರದೂ ಅದೇ ಮಾತು. ನೋಡಿಲ್ಲ ಎಂದರೆ ನನ್ನನ್ನು ಹಳ್ಳಿಯಿಂದ ಬಂದವಳಂತೆ ನೋಡುತ್ತಿದ್ದರು. ಹಿಂದಿಯದು, ಎಂಟು ಕಂತು, ವಾರಕ್ಕೊಂದು. ಶುಕ್ರವಾರ ಬರುವುದನ್ನು ನಾವು ಭಾನುವಾರ ಊಟವಾದ ಮೇಲೆ ನೋಡುವುದೆಂದು ಅಪ್ಪ ಕಾನೂನು ಮಾಡಿದರು. ಅಲ್ಲಿಯವರೆಗೆ ಯಾರೂ ಕದ್ದು ನೋಡಬಾರದು.

ಮೊದಲನೆಯ ಭಾನುವಾರ ಅರ್ಧ ಹೊತ್ತು ನಮಗೆ ಏನೂ ಕಾಣಲೇ ಇಲ್ಲ. ಗುಡ್ಡದ ಮೇಲಿನ ಒಂದು ಸಣ್ಣ ಊರು, ಊರಿನ ತುಂಬ ಮಂಜು, ಮಂಜಿನೊಳಗೆ ಕಪ್ಪು ಕೋಟು ಹಾಕಿಕೊಂಡ ಮಂದಿ. ಮನೆಯೊಳಗೂ ಅವರು ದೀಪ ಹಚ್ಚುವುದಿಲ್ಲ. ಅಪ್ಪ ಎದ್ದು ಕಿಟಕಿಯ ಪರದೆ ಎಳೆದರು. ಅದರ ಮೇಲೆ ಅವ್ವ ಸೋಲಾಪುರದ ಚಾದರ ಇಳಿಬಿಟ್ಟಳು. ಹೊರಗೆ ಸುಡುವ ಬಿಸಿಲು, ಒಳಗೆ ನಾವು ಐವರು ಕತ್ತಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದೆವು. ತೆಗೆದವನು ಕರೆಂಟ್ ಬಿಲ್ ಉಳಿಸಿದ್ದಾನೆ ಎಂದು ಅವ್ವ ಆಡಿಕೊಂಡಳು. ಅದರಲ್ಲಿನ ಇನ್ಸ್‌ಪೆಕ್ಟರ್ ಒಮ್ಮೆಯೂ ನಗದಿದ್ದುದಕ್ಕೆ, ಪಾಪ ಮಲಬದ್ಧತೆ ಇರಬೇಕು ಎಂದು ಆಂಟಿ ಮರುಗಿದರು.

ಕಥೆ ಏನೆಂದು ಸ್ಪಷ್ಟವಾಗುವಷ್ಟರಲ್ಲಿ ಕಂತು ಮುಗಿಯಲು ಬಂದಿತ್ತು. ಅರಣ್ಯ ಇಲಾಖೆಯ ತಪಾಸಣೆ ನಾಕೆಯಲ್ಲಿ ಕೆಲಸ ಮಾಡುವ ಒಬ್ಬ ಗೃಹಸ್ಥ ಬೆಳಿಗ್ಗೆ ಮನೆಯಿಂದ ಹೊರಟವನು ಮತ್ತೆ ಬರುವುದಿಲ್ಲ. ಅವನನ್ನು ಯಾರಾದರೂ ಕೊಂದರೇ, ಕೊಂದಿದ್ದರೆ ಯಾರು? ಇಷ್ಟೇ. ಪೊಲೀಸ್ ಕಥೆ ಎಂದಷ್ಟೇ ಗೆಳತಿಯರು ಹೇಳಿದ್ದರು. ಇಂಥದ್ದೆಂದು ತಿಳಿದಿದ್ದರೆ ನಮ್ಮ ಮನೆಯಲ್ಲಿ ನಾನು ಅದನ್ನು ಹಚ್ಚುತ್ತಲೇ ಇರಲಿಲ್ಲ.

ಏಕೆಂದರೆ ನಮ್ಮ ಕಾಕಾ ಹೋದದ್ದೂ ಹಾಗೆಯೇ. ಕಾಕಾ ಎಂದರೆ ಅಪ್ಪನ ಒಬ್ಬನೇ ತಮ್ಮ. ನಾನು ಏಳನೆಯ ತರಗತಿಯಲ್ಲಿದ್ದಾಗ, ಸೇಡಂ ಕಡೆಯ ನಮ್ಮ ಊರಿಗೆ ಹೋಗಿ ಬರುತ್ತೇನೆಂದು ಚೀಲ ಹಿಡಿದು ಹೊರಟವನು ಊರನ್ನೂ ಮುಟ್ಟಲಿಲ್ಲ, ತಿರುಗಿಯೂ ಬರಲಿಲ್ಲ. ಜಗಳವಿಲ್ಲ, ಸಾಲವಿಲ್ಲ, ಜಡ್ಡಿಲ್ಲ. ಅಪ್ಪ ಠಾಣೆ, ರೈಲ್ವೆ ಸ್ಟೇಷನ್, ಆಸ್ಪತ್ರೆ ಎಂದು ವರ್ಷಗಟ್ಟಲೆ ಅಲೆದರು. ಕಾಕು ನಮ್ಮ ಮನೆಗೇ ಬಂದು ಉಳಿದಳು. ಅವರಿಬ್ಬರಿಗೆ ಮಕ್ಕಳಿರಲಿಲ್ಲ. ಹತ್ತಿರದ ಶಾಲೆಯಲ್ಲಿ ಹಿಂದಿ ಕಲಿಸುತ್ತ, ಸಂಜೆ ನನಗೆ ಜಡೆ ಹಾಕುತ್ತ, ಅವಳು ನಮ್ಮವಳೇ ಆಗಿಬಿಟ್ಟಳು. ಹಣೆಗೆ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ, ಕೊರಳಲ್ಲಿ ತಾಳಿ. ಅವುಗಳ ಬಗ್ಗೆ ಮನೆಯಲ್ಲಿ ಯಾರೂ ಚಕಾರ ಎತ್ತುತ್ತಿರಲಿಲ್ಲ, ಕಾಕಾನ ಬಗ್ಗೆಯೂ ಎತ್ತುತ್ತಿರಲಿಲ್ಲ.

ಬಂದ್ ಮಾಡಲೆಂದು ನಾನು ರಿಮೋಟ್ ಹುಡುಕುತ್ತಿದ್ದಾಗ ಕಾಕು, ಮುಂದಿನ ವಾರದ್ದು ಯಾವಾಗ ಬರುತ್ತದೆಂದು ಕೇಳಿದಳು. ಶಾಲೆಯ ಬಸ್ಸು ಯಾವಾಗ ಬರುತ್ತದೆ ಎಂದು ಕೇಳುವ ದನಿಯಲ್ಲಿಯೇ ಕೇಳಿದಳು.

ಅದೇ ಸಂಜೆ, ಆಂಟಿ ಕೆಳಗಿಳಿದು ಹೋದ ಮೇಲೆ, ಅಪ್ಪ ಬಹಳ ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದರು. ವೈಶಾಖದಲ್ಲಿ ನನ್ನ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಅರಿಷಿಣ ಹಚ್ಚುವುದರಿಂದ ಹಿಡಿದು ಉಡಿ ತುಂಬುವವರೆಗೆ ಎಲ್ಲದಕ್ಕೂ ಮುತ್ತೈದೆಯರೇ ಬೇಕು. ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಕುಬಸದ ಬಟ್ಟೆಗಳನ್ನು ಸೆರಗಿಗೆ ಹಾಕಿಸಿಕೊಳ್ಳಲು ಗಂಡ ಬದುಕಿರಬೇಕು. ಹಾಗಾದರೆ ಕಾಕು ಎಲ್ಲಿ ಕೂಡಬೇಕು? ಹನ್ನೆರಡು ವರ್ಷ ಸುದ್ದಿಯಿಲ್ಲದವನಿಗೆ ದರ್ಭೆ ಮತ್ತು ಮುತ್ತಲದೆಲೆಗಳ ಆಕೃತಿ ಮಾಡಿ, ಅಗ್ನಿಗೆ ಕೊಟ್ಟು, ಕರ್ಮ ಮುಗಿಸಬೇಕೆಂದು ಶಾಸ್ತ್ರವಿದೆಯಂತೆ. ಆ ಅವಧಿ ಮುಗಿದು ಎಷ್ಟೋ ಕಾಲವಾಗಿದೆ, ಶುಭಕಾರ್ಯಕ್ಕೆ ಮುಂಚೆ ಅದೊಂದು ಆಗಿಬಿಡಲಿ ಎಂದು ಆಚಾರ್ಯರು ಹೇಳಿದ್ದರಂತೆ. ಅಪ್ಪ ಇದನ್ನೆಲ್ಲ ಗೋಡೆಯ ಮೇಲಿನ ಕ್ಯಾಲೆಂಡರಿಗೆ ಹೇಳುವವರ ಹಾಗೆ ಹೇಳಿದರು.

ನನಗೆ ಮೈಯೆಲ್ಲ ಉರಿಯಿತು. ಕಾಕು ಕುಂಕುಮ ಅಳಿಸಿಕೊಂಡು ಮೂಲೆಯಲ್ಲಿ ಕೂಡುವುದಾದರೆ ನನಗೆ ಆ ಮದುವೆಯೇ ಬೇಡ, ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಬರುತ್ತೇನೆ ಎಂದೆ. ಅವ್ವ ನನ್ನ ತೊಡೆ ಚಿವುಟಿದಳು. ಕಾಕು ಮಾತ್ರ ತಲೆ ಎತ್ತಲಿಲ್ಲ.

"ಇದು ಮುಗೀಲಿ, ಭಾವನೋರ," ಎಂದಳು. "ಆಮ್ಯಾಲೆ ಹೇಳ್ತೀನಿ."

ಏನು ಮುಗಿಯಬೇಕೆಂದು ಅಪ್ಪನಿಗೆ ತಿಳಿಯಲಿಲ್ಲ. ಕಾಕು ಟಿವಿಯ ಕಡೆ ಕೈ ಮಾಡಿದಳು. ಅಪ್ಪ ಅವ್ವನ ಮುಖ ನೋಡಿದರು, ಅವ್ವ ನನ್ನ ಮುಖ ನೋಡಿದಳು. ಇಷ್ಟು ವರ್ಷಗಳಲ್ಲಿ ಆ ಹೆಂಗಸು ನಮ್ಮನ್ನು ಏನನ್ನೂ ಕೇಳಿರಲಿಲ್ಲ, ಆದ್ದರಿಂದ ಇಲ್ಲ ಎನ್ನಲು ಅಪ್ಪನಿಗೂ ಬಾಯಿ ಬರಲಿಲ್ಲ. ಆಚಾರ್ಯರಿಗೆ ಎಂಟನೆಯ ಕಂತಿನ ಮರುದಿನ, ಸೋಮವಾರ, ಬರಲು ಹೇಳಿದರು.

ಆ ಮೇಲಿನ ಭಾನುವಾರಗಳಲ್ಲಿ ನಮ್ಮ ಪಡಸಾಲೆ ಠಾಣೆಯಾಯಿತು. ಅಪ್ಪ ಮೊದಲಿನಿಂದಲೂ ಹಿಡಿದದ್ದು ನಾಕೆಯ ಮೇಲಧಿಕಾರಿಯನ್ನು, ಅದಕ್ಕೆ ಕಾರಣ ಕಥೆಯಲ್ಲಿರಲಿಲ್ಲ, ಅಪ್ಪ ದುಡಿದು ಬಂದ ಇಲಾಖೆಯಲ್ಲಿತ್ತು. ಅವ್ವನ ಅನುಮಾನ ಹಾಲು ಮಾರುವವನ ಮೇಲೆ, ಏಕೆಂದರೆ ಅವನು ನೋಡಲು ಬಹಳ ಒಳ್ಳೆಯವನಂತಿದ್ದ. ಆಂಟಿ ಪ್ರತಿ ವಾರ ಹೊಸಬನನ್ನು ಹಿಡಿಯುತ್ತಿದ್ದರು, ಒಮ್ಮೆ ಇನ್ಸ್‌ಪೆಕ್ಟರನನ್ನೇ ಹಿಡಿದರು. ನನ್ನ ಮಟ್ಟಿಗೆ ಕೊಂದವಳು ನಾಪತ್ತೆಯಾದವನ ಹೆಂಡತಿಯೇ. ಅವಳು ಅಳುತ್ತಲೇ ಇರಲಿಲ್ಲವಲ್ಲ! ಆಫೀಸಿನಲ್ಲಿ ಇದೇ ವಾದ ಮಾಡಿ ಇಬ್ಬರ ಜೊತೆ ಮಾತು ಬಿಟ್ಟಿದ್ದೆ. ಮನೆಯಲ್ಲಿ ಹೇಳಲು ಬಾಯಿ ತೆರೆದವಳು ಕಾಕುವನ್ನು ನೋಡಿ ನುಂಗಿಕೊಂಡೆ.

ಕಾಕುವಿಗೆ ಕೊಂದವರು ಯಾರೆಂಬುದು ಬೇಕಾದಂತೆಯೇ ಇರಲಿಲ್ಲ. ಅವಳು ಆಡಿದ ಮಾತುಗಳೇ ನಾಲ್ಕೈದು. ಎರಡನೆಯ ಕಂತಿನಲ್ಲಿ ಆ ಹೆಂಡತಿ ಎರಡು ಲೋಟ ಚಹಾ ಸೋಸಿದ್ದನ್ನು ನೋಡಿ, ಒಂದನ್ನು ಈಗ ಚೆಲ್ಲಬೇಕಾಗುತ್ತದೆ ಎಂದಳು. ನಾವು ಯಾರೂ ಲೋಟ ಎಣಿಸಿರಲಿಲ್ಲ. ಇನ್ನೊಂದು ವಾರ ನೆರೆಯವರೆಲ್ಲ ಅವಳ ಮನೆಗೆ ಸಮಾಧಾನ ಹೇಳಲು ಬಂದು ಕೂತಾಗ, ಇವರು ಎದ್ದು ಹೋದರೆ ಅವಳು ಉಂಡಾಳು ಎಂದಳು. ನನಗೆ ನಾಚಿಕೆಯಾಯಿತು, ಕೊಲೆಗಾತಿಯೆಂಬ ನನ್ನ ವಾದವನ್ನು ಅಂದಿಗೇ ಬಿಟ್ಟೆ.

ನಾಲ್ಕನೆಯದೋ ಐದನೆಯದೋ ಕಂತಿನಲ್ಲಿ ಶವಾಗಾರದ ದೃಶ್ಯ ಬಂತು. ಹೊಳೆಯಲ್ಲಿ ಸಿಕ್ಕ ಒಂದು ಹೆಣ, ಅದರ ಮೇಲೆ ಬಿಳಿ ಬಟ್ಟೆ, ಗುರುತು ಹಿಡಿಯಲು ನಿಂತ ಮನೆಯವರು. ಅಷ್ಟರವರೆಗೆ ಇನ್ಸ್‌ಪೆಕ್ಟರನ ಬುದ್ಧಿಮಟ್ಟದ ಬಗ್ಗೆ ಭಾಷಣ ಮಾಡುತ್ತಿದ್ದ ಅಪ್ಪ ನಡುವೆಯೇ ಎದ್ದು ಅಡುಗೆಮನೆಗೆ ಹೋದರು. ಮಜ್ಜಿಗೆಗೆ ಹೋದರೆಂದು ನಾವು ತಿಳಿದೆವು. ಆ ದೃಶ್ಯ ಮುಗಿದರೂ ಬರಲಿಲ್ಲ. ಕಾಕು ಪರದೆ ಬಿಟ್ಟು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು.

ಎಂಟನೆಯ ಭಾನುವಾರ ಬಂತು. ಆಂಟಿ ಅಂದು ಪುಳಿಹೋರ ಮಾಡಿ ತಂದಿದ್ದರು, ಗುಟ್ಟು ಬಯಲಾಗುವ ದಿನವೆಂಬ ಸಂಭ್ರಮಕ್ಕೆ. ಕಂತು ಮುಗಿದರೆ ಕಾಕು ಉತ್ತರ ಹೇಳಬೇಕು, ನಾಳೆ ಬೆಳಿಗ್ಗೆ ಆಚಾರ್ಯರು ಬರುತ್ತಾರೆ. ನನಗಂತೂ ಈ ದರಿದ್ರ ಧಾರಾವಾಹಿ ಇನ್ನೂ ನೂರು ಕಂತು ಇರಬಾರದೇ ಅನ್ನಿಸಿತು.

ಇದೆಲ್ಲದರ ಕೊನೆಗೆ ಆದದ್ದೇನು? ಹೊಳೆಯಲ್ಲಿ ಸಿಕ್ಕವನು ಅವನಲ್ಲ ಎಂದಾಯಿತು. ಮೇಲಧಿಕಾರಿ ಕೊಂದಿರಬಹುದು, ಕೊಂದಿರಲಿಕ್ಕಿಲ್ಲ. ಇನ್ಸ್‌ಪೆಕ್ಟರನಿಗೆ ಬೇರೆ ಊರಿಗೆ ವರ್ಗವಾಯಿತು. ಹೆಂಡತಿ ಅಂಗಳ ಗುಡಿಸಿ, ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿದಳು. ಮಂಜು ಬಂತು. ಮುಗಿಯಿತು.

ಮೊದಲು ಕೆರಳಿದವರು ಅಪ್ಪ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇದೆಂಥ ಮುಕ್ತಾಯ, ಮಂದಿಯನ್ನು ಎರಡು ತಿಂಗಳು ಕೂಡಿಸಿ ಟೊಪ್ಪಿಗೆ ಹಾಕಿದರು ಎಂದು ಕೂಗಾಡಿದರು. ಸತ್ತನೋ ಇದ್ದನೋ ಅದನ್ನಾದರೂ ಹೇಳಬೇಕೋ ಬೇಡವೋ ಎಂದು ಅವ್ವ ದನಿಗೂಡಿಸಿದಳು. ಆಂಟಿಗೆ ಪುಳಿಹೋರ ದಂಡವಾದ ದುಃಖ. ನಾನೂ ಸುಮ್ಮನಿರಲಿಲ್ಲ, ದುಡ್ಡು ಕಟ್ಟಿದವಳು ನಾನಲ್ಲವೇ. ಹೀಗೆ ನೇತಾಡಿಸಿ ಹೋದರೆ ಮನುಷ್ಯರು ನಿದ್ದೆ ಮಾಡುವುದು ಹೇಗೆ ಎಂದೆ. ಆಂಟಿ ಬೇಸರದಿಂದಲೇ ಪಾತ್ರೆ ಎತ್ತಿಕೊಂಡು ಕೆಳಗಿಳಿದರು. ಅವರು ಹೋದ ಮೇಲೂ ಅಪ್ಪ ಬೈಯುತ್ತಲೇ ಇದ್ದರು.

ಕಾಕು ಎದ್ದು ಟಿವಿ ಆರಿಸಿದಳು. ಕಿಟಕಿಯ ಚಾದರ ತೆಗೆದು ಮಡಚಿದಳು. ಬಿಸಿಲು ಒಳಗೆ ಬಿತ್ತು.

"ಎಂಟು ವಾರ," ಎಂದಳು. "ಯಾರದೋ ಗಂಡ, ಯಾರದೋ ಊರು, ಅದೂ ಸುಳ್ಳು ಕತಿ. ನಿಮಗ ಎಂಟು ವಾರಾನ ತಡೀಲಿಕ್ಕೆ ಆಗ್ಲಿಲ್ಲ, ಭಾವನೋರ."

ಕಾಕು ದನಿ ಏರಿಸಿರಲಿಲ್ಲ. ಅವಳಿಗೂ ಗೊತ್ತಾಗಬೇಕಿದೆ, ನಮ್ಮೆಲ್ಲರಿಗಿಂತ ಹೆಚ್ಚು ಗೊತ್ತಾಗಬೇಕಿದೆ ಎಂದಳು. ಆದರೆ ಗೊತ್ತಾಗದ್ದನ್ನು ಗೊತ್ತಾಯಿತೆಂದು ಹುಲ್ಲಿನ ಗೊಂಬೆ ಮಾಡಿ ಸುಟ್ಟು ಬರಲು ತನ್ನಿಂದಾಗದು. ಮದುವೆಯ ದಿನ ಎಲ್ಲಿ ಕೂಡು ಎಂದರೆ ಅಲ್ಲಿ ಕೂಡುತ್ತೇನೆ, ಉಡಿ ತುಂಬದಿದ್ದರೂ ಬೇಸರವಿಲ್ಲ, ಕುಂಕುಮ ಮಾತ್ರ ತೆಗೆಯುವುದಿಲ್ಲ ಎಂದಳು.

ಅಪ್ಪ ಶಾಸ್ತ್ರದ ಮಾತು ತೆಗೆಯುತ್ತಾರೆಂದು ನಾನು ಜಗಳಕ್ಕೆ ಸಿದ್ಧಳಾಗಿ ಕೂತಿದ್ದೆ. ಶಾಸ್ತ್ರದ ಮಾತೇ ಬರಲಿಲ್ಲ.

"ಎಷ್ಟು ಹೆಣ ನೋಡೀನಿ, ನಿಮಗ್ಯಾರಿಗೂ ಗೊತ್ತಿಲ್ಲ," ಎಂದರು. "ಮೊದಮೊದಲ ಬಟ್ಟಿ ಸರಸೂವಾಗ ದೇವರ, ಇದು ಅವ ಆಗಿರಬಾರದು ಅಂತಿದ್ದೆ. ಕಡೀಕಡೀಗೆ ಇದು ಅವನ ಆಗಿರ್ಲಿ ಅನ್ನಾಕತ್ತೆ. ಸ್ವಂತ ತಮ್ಮ. ಅದಕ್ಕ ಅದೊಂದು ಮುಗಸಬೇಕಂತ ನಂಗ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೂವತ್ತು ವರ್ಷ ಅವರ ಜೊತೆ ಬಾಳಿದವಳಿಗೂ ಇದು ಗೊತ್ತಿರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅಪ್ಪನ ಮೇಲೆ ಕನಿಕರವೆನಿಸಿತು. ಮಾತು ಮಾತಿಗೂ ರೇಗುವ ಈ ಮನುಷ್ಯ ಒಬ್ಬನೇ ಎಂಥೆಂಥ ಬಾಗಿಲುಗಳ ಮುಂದೆ ನಿಂತು ಬಂದಿದ್ದ! ಕಾಕು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವರ ಮುಂದಿಟ್ಟಳು. ನಿಮ್ಮ ಸಮಾಧಾನಕ್ಕೆ ನೀವು ಎಳ್ಳುನೀರು ಬಿಡುವುದಾದರೆ ನಾನು ಅಡ್ಡ ಬರುವುದಿಲ್ಲ, ನನ್ನ ಹಣೆಯ ತಂಟೆಗೆ ನೀವು ಬರಬೇಡಿ ಎಂದಳು. ಸಂಜೆ ಅಪ್ಪ ಆಚಾರ್ಯರಿಗೆ ಫೋನ್ ಮಾಡಿ, ನಾಳೆ ಬರುವುದು ಬೇಡ ಎಂದದ್ದು ನನಗೆ ಕೇಳಿಸಿತು.

ಅದಾದ ಮೇಲೆ ಆ ವಿಷಯ ಯಾರೂ ಎತ್ತಲಿಲ್ಲ. ಆದರೆ ಕಾಕು ಮದುವೆಯಲ್ಲಿ ಎಲ್ಲಿ ಕೂಡುತ್ತಾಳೆಂದು ನಿರ್ಧಾರವೂ ಆಗಲಿಲ್ಲ. ನನಗದೇ ಕೊರೆಯುತ್ತಿತ್ತು.

ಮದುವೆಯ ದಿನ ಅರಿಷಿಣದ ಸೀರೆಯಲ್ಲಿ ನಾನು ಮಣೆಯ ಮೇಲೆ ಕೂತಿದ್ದೆ. ಉಡಿ ತುಂಬಲು ಮುತ್ತೈದೆಯರನ್ನು ಸಾಲಾಗಿ ಕೂಡಿಸುತ್ತಿದ್ದರು. ಕಾಕು ಗೋಡೆಗೆ ಆತು ನಿಂತಿದ್ದಳು. ಅವ್ವ ಹೋಗಿ ಅವಳ ಕೈ ಹಿಡಿದು ಎಳೆದುಕೊಂಡು ಬಂದು ಸಾಲಿನಲ್ಲಿ ಕೂಡಿಸಿದಳು. ಕಲಬುರಗಿಯಿಂದ ಬಂದಿದ್ದ ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಕಾಕುವಿನ ಮುಖ ನೋಡಿ, ಪರಿಚಯಕ್ಕೆಂದೇ ಕೇಳಿದರು: "ಇವರ ಯಜಮಾನ್ರು ಎಲ್ಲಿದ್ದಾರ್ರಿ? ಕಾಣಲಿಲ್ಲ."

ಅಕ್ಕಿಯ ತಟ್ಟೆ ಹಿಡಿದ ಅವ್ವನ ಕೈ ಅಲ್ಲೇ ಉಳಿಯಿತು. ಕಾಕು ಏಳಲು ನೆಲಕ್ಕೆ ಕೈ ಊರಿದಳು.

ಗಂಡಸರು ಬರಬಾರದ ಆ ಕೋಣೆಯ ಬಾಗಿಲಲ್ಲಿ ಅಪ್ಪ ನಿಂತಿದ್ದರು.

"ಗೊತ್ತಿಲ್ರಿ," ಎಂದರು, ಎಲ್ಲರಿಗೂ ಕೇಳುವ ಹಾಗೆ. "ನನ್ನ ತಮ್ಮ ಅವ. ಎಲ್ಲಿದ್ದಾನ ನಮಗ ಇನ್ನಾ ಗೊತ್ತಿಲ್ಲ. ನೀವು ಮೊದಲ ಅಕಿಗೆ ತುಂಬ್ರಿ."