ಗೋಡೆಯಾಚೆಯ ಉಸಿರು

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಾದಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಲಿಫ್ಟಿನ ಗೋಡೆಗೆ ಹೊಂದಿಕೊಂಡಿರುವ ಒಂದು ಕೋಣೆ ಕೊಟ್ಟಿದ್ದಾರೆ. ಊರಿಂದ ತಂಗಿಯನ್ನು ಕರೆಸಿಕೊಂಡಿದ್ದೆ. ಅವಳು ಮೇಲಿನ ಮನೆಗಳಲ್ಲಿ ಕಸ ಮುಸುರೆ ಮಾಡುತ್ತಿದ್ದಳು.

ಗೇಟಿನಲ್ಲಿ ಕೂತವನಿಗೆ ಎಲ್ಲರ ಬೈಗುಳ. ನೀರಿನ ಟ್ಯಾಂಕರ್ ತಡವಾದರೂ ನಾನೇ, ಪಾರ್ಸಲ್ ಸಿಗದಿದ್ದರೂ ನಾನೇ. ಸಂಜೆಗೆ ತಲೆ ಸಿಡಿಯುತ್ತಿತ್ತು. ಟೆರೇಸಿನಲ್ಲಿ ಯೋಗ ಹೇಳಿಕೊಡುವ ಮೇಡಂ ಅದನ್ನು ನೋಡಿ ಭ್ರಾಮರಿ ಕಲಿಸಿದರು. ಹೆಬ್ಬೆರಳಿನಿಂದ ಕಿವಿ ಮುಚ್ಚಿ, ಕಣ್ಣು ಮುಚ್ಚಿ, ತುಟಿ ಬಿಚ್ಚದೆ ದುಂಬಿಯ ಹಾಗೆ ಗುಂಯ್ ಎನ್ನಬೇಕು. ನಿಜವಾಗಿಯೂ ತಲೆ ಹಗುರಾಯಿತು.

"ಅಣ್ಣಾ, ಹೊಟ್ಟ್ಯಾಗ ಜೇನು ಹೊಕ್ಕೈತೇನು?" ಎಂದು ತಂಗಿ ನಗುತ್ತಿದ್ದಳು.

ಗೋಡೆಯ ಆ ಸದ್ದು ಮೊದಲು ಕೇಳಿದ್ದು ನನಗೆ. ಮಧ್ಯಾಹ್ನ ಎಲ್ಲರೂ ಆಫೀಸಿಗೆ ಹೋಗಿ, ಲಿಫ್ಟು ಸುಮ್ಮನೆ ನಿಂತಿರುವ ಹೊತ್ತು. ಗೋಡೆಯಾಚೆ ಯಾರೋ ಉಸಿರು ಒಳಗೆಳೆದುಕೊಂಡರು. ನಿಧಾನವಾಗಿ, ಎದೆ ತುಂಬ. ಬಿಟ್ಟ ಸದ್ದು ಬರಲಿಲ್ಲ. ಈಗ ಬಿಡಬಹುದು, ಈಗ ಬಿಡಬಹುದು ಎಂದು ಕಾಯುತ್ತಾ ನನ್ನ ಉಸಿರೇ ಕಟ್ಟಿತು. ಆಮೇಲೆ ಮತ್ತೊಮ್ಮೆ ಒಳಗೆಳೆದ ಸದ್ದು. ನಾನು ಕಿವಿ ಮುಚ್ಚಿ ಗುಂಯ್ ಅಂದೆ. ಮರುದಿನವೂ ಹಾಗೇ ಮಾಡಿದೆ. ತಲೆನೋವಿಗೆ ಕಲಿತದ್ದು ಭಯಕ್ಕೆ ಒದಗಿತು.

ಕೆಲವು ದಿನಗಳ ಮೇಲೆ ತಂಗಿ ತಾಟು ಕೆಳಗಿಟ್ಟು ಗೋಡೆ ನೋಡಿದಳು.

"ಅಣ್ಣಾ, ಯಾರೋ ಉಸಿರು ತಗೊಳ್ಳಾಕತ್ತಾರ."

"ಲಿಫ್ಟಿನ ಗಾಳಿ ಅದು. ಉಣ್ಣು."

"ಲಿಫ್ಟು ನಿಂತೈತಿ."

"ನನಗೇನೂ ಕೇಳಸವಲ್ದು," ಅಂದೆ.

ಸುಳ್ಳು ಅಷ್ಟು ಸುಲಭವಾಗಿ ಬಾಯಿಂದ ಬಂತು. ನನಗೂ ಕೇಳುತ್ತದೆ ಎಂದರೆ ಅದು ನಿಜವಾಗಿಬಿಡುತ್ತದೆ, ಈ ಕೋಣೆ ಬಿಡಬೇಕಾಗುತ್ತದೆ ಎಂಬ ಹೆದರಿಕೆ. ಆಮೇಲೆ ಅವಳು ಕೋಣೆಯಲ್ಲಿ ಉಣ್ಣುವುದನ್ನು ಬಿಟ್ಟಳು. ಮೆಟ್ಟಿಲ ಮೇಲೆ ಕೂತು, ಹೋಗಿ ಬರುವವರಿಗೆಲ್ಲ ಹೇಳತೊಡಗಿದಳು. ಮೇಲಿನ ಮನೆಯ ಮಕ್ಕಳು ಲಿಫ್ಟು ಹತ್ತಲು ಹೆದರಿ ಅತ್ತವು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ನಮ್ಮಿಬ್ಬರನ್ನೂ ಕರೆದು ಕೇಳಿದರು. ಅವಳು ನನ್ನ ಮುಖ ನೋಡುತ್ತಾ ನಿಂತಿದ್ದಳು.

"ದಿಮಾಗ್ ಠೀಕ್ ನೈ ಸಾಬ್ ಉಸ್ಕಾ," ಎಂದೆ.

ಅಷ್ಟು ಹಿಂದಿ ಅವಳಿಗೂ ಬರುತ್ತಿತ್ತು. ಅಲ್ಲಿಂದ ಮುಂದೆ ಅವಳನ್ನು ಯಾರ ಮನೆಗೂ ಕೆಲಸಕ್ಕೆ ಕರೆಯಲಿಲ್ಲ. ಅವಳಿಗೆ ಊರಲ್ಲಿ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರೊಬ್ಬರು ಇದೇ ನಗರದ ಮೆಹದಿಪಟ್ಟಣದಲ್ಲಿ ಗಾರೆ ಕೆಲಸ ಮಾಡುತ್ತಾರೆ, ಅವರ ಕಿವಿಗೂ ಸುದ್ದಿ ಬಿತ್ತು. ಹುಡುಗಿಗೆ ತಲೆ ಸರಿ ಇಲ್ಲವಂತೆ, ಖುದ್ದು ಅಣ್ಣನೇ ಹೇಳಿದ್ದಾನಂತೆ ಎಂದು ಸಂಬಂಧ ಬಿಟ್ಟರು. ತಂಗಿ ಗಂಟು ಕಟ್ಟಿಕೊಂಡು ನಮ್ಮೂರ ಹೆಂಗಸರ ಜೊತೆ ನಗರದಾಚೆಯ ಒಂದು ಕಟ್ಟಡದ ಕೆಲಸಕ್ಕೆ ಹೋದಳು.

ನಾನು ದಿನಾ ಮಧ್ಯಾಹ್ನ ಭ್ರಾಮರಿ ಮಾಡುತ್ತಲೇ ಇದ್ದೆ. ಆದರೆ ಒಂದು ದಿನ ಆ ಸದ್ದು ನನ್ನ ಗುಂಯ್ ಒಳಗೇ ಕೇಳಿತು. ಬೆರಳು ತೆಗೆದೆ. ಕೂಡಲೇ ತಂಗಿಗೆ ಫೋನ್ ಮಾಡಿದೆ.

"ತಂಗೀ, ನನಗೂ ಕೇಳಸ್ತಿತ್ತು. ಮೊದಲಿಂದನೂ."

"ಗೊತ್ತೈತಿ," ಅಂದಳು. "ನಾ ಬಾಯಿ ತೆರೆಯೂಕಿಂತ ಮೊದಲ ನೀ ಕಿವಿ ಮುಚ್ಚಿಕೊಳ್ತಿದ್ದಿ. ಸದ್ದು ಬರೂದು, ನಿನ್ನ ಕೈ ಏಳೂದು. ನೋಡ್ತಿದ್ದೆ ನಾ."

"ಮತ್ತ ಅವತ್ತ ಯಾಕ ಅನ್ನಲಿಲ್ಲ?"

"ನೀ ಹೇಳ್ತೀಯಂತ ನಿಂತಿದ್ದೆ."

ಸೆಕ್ರೆಟರಿಗೆ ಹೇಳುತ್ತೇನೆ, ಗಂಡಿನ ಕಡೆಯವರಿಗೂ ಹೇಳುತ್ತೇನೆ, ತಿರುಗಿ ಬಾ ಎಂದೆ. ಅವಳು ದನಿ ತಗ್ಗಿಸಿ, "ಅಣ್ಣಾ, ಈಗ ಬಂತಲ್ಲ. ಫೋನ್‌ನಾಗೂ ಕೇಳಸ್ತು," ಅಂದಳು.

ನಾನು ಗೋಡೆಗೆ ಕಿವಿ ಹಚ್ಚಿದೆ. ಲಿಫ್ಟು ನಿಂತಿತ್ತು. ಏನೂ ಇರಲಿಲ್ಲ.

"ಇಲ್ಲ ತಂಗೀ. ನನಗ ಕೇಳಸಲಿಲ್ಲ."

ದೇವರಾಣೆ, ಈ ಸಲ ನಾನು ಹೇಳಿದ್ದು ನಿಜ. ಆ ಕಡೆಯಿಂದ ಒಂದು ಸದ್ದು ಬಂತು. ನಕ್ಕಳೋ, ಉಸಿರೆಳೆದುಕೊಂಡಳೋ ತಿಳಿಯಲಿಲ್ಲ. ಫೋನ್ ಕಟ್ಟಾಯಿತು. ಅಂದಿನಿಂದ ಅವಳು ನನ್ನ ಫೋನ್ ಎತ್ತಿಲ್ಲ.