ಅತ್ತಿಗೆಯ ಎಡಗಾಲು

ಅತ್ತಿಗೆ, ಆ ಕಾರಿನ ಕ್ಲಚ್ ಸುಟ್ಟಿದ್ದು ನಿಮ್ಮ ಎಡಗಾಲಿನಿಂದಲ್ಲ. ನನ್ನ ಕೈಯಿಂದ. ಇದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ನೀವು ಬಡಿಸಿದ ಮುದ್ದೆ ಉಂಡಿದ್ದೇನೆ — ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ನೀವು ಡ್ರೈವಿಂಗ್ ಕಲಿತದ್ದು ಬೂದಿಕೋಟೆಯಲ್ಲಿದ್ದ ನಿಮ್ಮ ಅವ್ವನಿಗಾಗಿ. ಮಂಡಿ ಹಿಡಿದುಹೋಗಿ ಆಕೆಗೆ ಬಸ್ಸು ಹತ್ತಲಾಗುತ್ತಿರಲಿಲ್ಲ. ಅಣ್ಣ ಬೆಳಿಗ್ಗೆ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಕೆಲಸಕ್ಕೆ ಹೋದ ಮೇಲೆ ಅವನ ಹಳೇ ಕಾರು ಅಂಗಳದಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಅದರಲ್ಲಿ ನೀವು ಅವ್ವನನ್ನು ಬಂಗಾರಪೇಟೆಯ ಆಸ್ಪತ್ರೆಗೆ ತೋರಿಸಿ, ಹಾಗೇ ಚಾಂಪಿಯನ್ ರೀಫ್ಸ್‌ಗೆ, ನಮ್ಮ ಮನೆಗೆ ಕರೆತರುತ್ತಿದ್ದಿರಿ. ನಮ್ಮ ಸಾಲುಮನೆಗಳ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ನನಗೆ — ಇನ್ನು ಮುಚ್ಚಿಡುವುದೇನಿದೆ — ಒಳಗೊಳಗೇ ಉರಿ. ಗಾಡಿ ನೋಡಿಕೊಳ್ಳುವವನು ನಾನು, ಹೊಗಳಿಸಿಕೊಳ್ಳುವವರು ನೀವು.

ನಮ್ಮಪ್ಪ ಚಿನ್ನದ ಗಣಿಯಲ್ಲಿ ಕೆಲಸಗಾರರ ಕೇಜ್ ಇಳಿಸುವ ಉಕ್ಕಿನ ಹಗ್ಗ ನೋಡಿಕೊಳ್ಳುವ ಫಿಟ್ಟರ್ ಆಗಿದ್ದರು. ನನ್ನ ಕೈಗೆ ಸ್ಪ್ಯಾನರ್ ಕೊಟ್ಟ ದಿನವೇ ಅವರು ಹೇಳಿದ್ದು, "ಸಡ್ಲ ಬಿಟ್ರೆ ಎಣ ಎತ್ಬೇಕಾಗ್ತದೆ ಕಣ್ಲಾ." ಗಣಿ ಮುಚ್ಚಿತು, ಅಪ್ಪನೂ ಹೋದರು, ಆ ಮಾತು ಮಾತ್ರ ನನ್ನ ಕೈಯಲ್ಲಿ ಉಳಿಯಿತು. ಮನೆಯ ಬಟ್ಟೆ ಒಣಹಾಕುವ ತಂತಿಯಿಂದ ಹಿಡಿದು ಸೈಕಲ್ ಚೈನಿನವರೆಗೆ ನಾನು ಯಾವುದನ್ನೂ ಸಡಿಲ ಬಿಟ್ಟವನಲ್ಲ. ಆ ವರ್ಷದ ಆಯುಧಪೂಜೆಗೆ ಕಾರು ತೊಳೆಯುವಾಗ ಕ್ಲಚ್ ಪೆಡಲ್ ಒತ್ತಿ ನೋಡಿದೆ. ಎರಡು ಬೆರಳಿನಷ್ಟು ಸುಮ್ಮನೆ ಕೆಳಗೆ ಹೋಗಿ ಆಮೇಲೆ ಬಿಗಿಯಾಯಿತು. ಅದು ಹಾಗೇ ಇರಬೇಕು ಎಂದು ನನಗೆ ಗೊತ್ತಿರಲಿಲ್ಲ. ಕೇಬಲ್ಲಿನ ನಟ್ಟನ್ನು ತಿರುಗಿಸಿ ತಿರುಗಿಸಿ ಆ ಸಡಿಲವನ್ನೆಲ್ಲ ತೆಗೆದೆ. ಆಮೇಲೆ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಜಂಬದಿಂದ ಕೈ ತೊಳೆದುಕೊಂಡೆ.

ಸ್ವಲ್ಪ ದಿನಕ್ಕೆ ಗಾಡಿ ದಿಬ್ಬದಲ್ಲಿ ಕೂಗತೊಡಗಿತು. ಎಂಜಿನ್ ಅರಚುತ್ತದೆ, ಚಕ್ರ ಓಡುವುದಿಲ್ಲ. ನೀವು ಬಂದು ಹೇಳಿದಿರಿ, ಪೂಜೆಯ ದಿನದಿಂದ ಪೆಡಲ್ ಬೇರೆ ಥರ ಇದೆ, ಕಾಲಿಟ್ಟ ಕೂಡಲೇ ಹಿಡಿಯುತ್ತದೆ ಎಂದು. ಅತ್ತಿಗೆ, ನೀವು ರೋಗ ಹಿಡಿದೇ ಬಿಟ್ಟಿದ್ದಿರಿ! ನಾನು ನಕ್ಕೆ.

ಆ ಭಾನುವಾರ ಅಣ್ಣನ ಮುಂದೆ, ಅಕ್ಕಪಕ್ಕದವರ ಮುಂದೆ, ಡಾಕ್ಟರನಂತೆ ಪರೀಕ್ಷೆಗೆ ನಿಂತೆ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ನಿಂತುಹೋಗಬೇಕು. ನಿಲ್ಲಲಿಲ್ಲ. ಕ್ಲಚ್ ಜಾರುತ್ತಿದೆ ಎಂಬುದು ಖಾತ್ರಿಯಾಯಿತು. ಯಾಕೆ ಎಂದು ಅಣ್ಣ ಕೇಳಿದ. ಬಿಚ್ಚಿ ನೋಡುವ ಮೊದಲೇ ನನ್ನ ನಾಲಿಗೆ —

"ಅತ್ಗೆ ಎಡಗಾಲು ಯಾವಾಗ್ಲೂ ಕ್ಲಚ್ ಮೇಲೇ ಇರ್ತದೆ ಕಣಣ್ಣ. ಇನ್ನೇನಾಗ್ತದೆ?"

ಎಲ್ಲರೂ ನಕ್ಕರು. ಅಣ್ಣ ನಿಮ್ಮ ಕೈಯಿಂದ ಕೀ ತೆಗೆದುಕೊಂಡು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ. "ಇನ್ಮೇಲೆ ನೀನ್ ಮುಟ್ಬೇಡ," ಅಂದ. ನೀವು ಬಗ್ಗಿ ನಿಮ್ಮ ಕಾಲನ್ನೇ ನೋಡಿಕೊಂಡಿರಿ.

ಅಂಗಳದಲ್ಲೇ ಜಾಕ್ ಕೊಟ್ಟು, ಕಲ್ಲಿಟ್ಟು, ಗೇರ್‌ಬಾಕ್ಸ್ ಇಳಿಸಿದೆ. ಕ್ಲಚ್ ಪ್ಲೇಟ್ ಸವೆದು ಕಪ್ಪಾಗಿತ್ತು. ಹೊಸದು ಕೂರಿಸಿ ಕೇಬಲ್ ಹಾಕಲು ಹೋದಾಗ ನಟ್ಟು ಕಂಡಿತು — ತುದಿ ಮುಟ್ಟುವವರೆಗೆ ಬಿಗಿದಿದ್ದು. ಬಿಗಿದವನು ನಾನೇ. ಪೆಡಲ್ಲಿಗೆ ಬೇಕಿದ್ದ ಆ ಎರಡು ಬೆರಳಿನ ಸಡಿಲ ತೆಗೆದು, ಕ್ಲಚ್ ಪೂರ್ತಿ ಕೂರುವುದಕ್ಕೇ ನಾನು ಬಿಟ್ಟಿರಲಿಲ್ಲ. ನೀವು ಕಾಲು ತೆಗೆದರೂ, ಯಾರೋ ಪೆಡಲ್ ಒತ್ತಿಹಿಡಿದು ಕೂತ ಹಾಗೆಯೇ ಆಗುತ್ತಿತ್ತು. ಅದೇ ಹೊತ್ತಿಗೆ ನೀವು ಕಾಫಿ ಹಿಡಿದುಕೊಂಡು ಬಂದಿರಿ. "ಏನ್ ಸಿಕ್ತಪ್ಪ ಮುನಿರಾಜ?" ಎಂದಿರಿ. "ಏನಿಲ್ಲ ಅತ್ಗೆ, ಪ್ಲೇಟ್ ಸುಟ್ಟೋಗೈತೆ" ಅಂದೆ. "ನನ್ನಿಂದ ನಿಂಗೆ ಎಷ್ಟ್ ಕಷ್ಟ" ಎಂದು ಲೋಟ ಕೊಟ್ಟಿರಿ. ಕುಡಿದೆ ಅತ್ತಿಗೆ. ಕುಡಿದು, ಯಾರಿಗೂ ಕಾಣದಂತೆ ನಟ್ಟು ಸಡಿಲಿಸಿದೆ.

ಅಲ್ಲಿಯವರೆಗೆ ಅದು ತಪ್ಪು. ಅಲ್ಲಿಂದಾಚೆಗೆ ಅದು ಮೋಸ. ಆಮೇಲೆ ಅಣ್ಣನ ಕೈಯಲ್ಲಿ ಕಾರು ಒಂದು ತಂಟೆಯಿಲ್ಲದೆ ಓಡಿತು, ಓಡಲೇಬೇಕಿತ್ತಲ್ಲ. ನೋಡು, ಅವಳು ಬಿಟ್ಟ ಮೇಲೆ ಗಾಡಿ ಸರಿಯಾಯಿತು ಎಂದು ಅವನು ಬಂದವರಿಗೆಲ್ಲ ಹೇಳಿದ. ನಾನು ತಲೆಯಾಡಿಸಿದೆ. ಕುರ್ಚಿಯಲ್ಲಿ ಕೂತಾಗ ನೀವು ಎಡಗಾಲನ್ನು ಹಿಂದಕ್ಕೆಳೆದುಕೊಂಡು, ಎಲ್ಲಿದೆ ಎಂದು ನೋಡಿಕೊಳ್ಳುವುದನ್ನು ಕಂಡೂ ಸುಮ್ಮನಿದ್ದೆ.

ನಿಮ್ಮ ಅವ್ವ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಬಸ್ಸು ಹಿಡಿದು ನೀವೇ ಹೋಗುತ್ತಿದ್ದಿರಿ, ಬಿಡುವಾದಾಗ. ಆಕೆಯ ತಿಥಿಯ ದಿನ ಬೂದಿಕೋಟೆಯಲ್ಲಿ, ಎಲೆ ಎತ್ತಿದ ಮೇಲೆ, ಹೇಳಿಬಿಡೋಣವೆಂದು ನಿಮ್ಮ ಹತ್ತಿರ ಬಂದೆ. ನೀವೇ ಮೊದಲು ಮಾತಾಡಿದಿರಿ: "ಇನ್ನೊಂದೆರ್ಡು ಸಲ ಕರ್ಕೊಂಡ್ ಬರ್ಬೋದಿತ್ತು ಮುನಿರಾಜ. ಏನ್ಮಾಡದು, ನನ್ ಕಾಲೇ ಸರಿಯಿಲ್ವಲ್ಲ."

ಹೇಳದೆಯೇ ಅಲ್ಲಿಂದ ಹೊರಟುಹೋದೆ. ಹೆದರಿಕೆಯಿಂದ, ಬೇರೆ ಯಾವ ಕಾರಣದಿಂದಲೂ ಅಲ್ಲ.

ಮೊನ್ನೆ ನಿಮ್ಮ ಮಗಳು ಡ್ರೈವಿಂಗ್ ಕಲಿಯುತ್ತೇನೆ ಎಂದಾಗ ನೀವು ಬೇಡವೆಂದಿರಿ. ಅವಳದೂ ನಿಮ್ಮ ಕಾಲೇ, ಗಾಡಿ ಕೆಡಿಸುತ್ತಾಳೆ ಅಂದಿರಿ. ನನ್ನ ಸುಳ್ಳು ನಿಮ್ಮ ಬಾಯಲ್ಲಿ ಮಗಳಿಗೂ ಹೋಗುತ್ತಿದೆ.

ಬರುವ ಭಾನುವಾರ ಅಣ್ಣ ಮನೆಯಲ್ಲಿರುತ್ತಾನೆ. ಅದೇ ಅಂಗಳದಲ್ಲಿ, ಅಂದು ನಕ್ಕವರನ್ನು ಕರೆದು, ಅವನ ಮುಂದೆ, ಮಗಳ ಮುಂದೆ ಹೇಳುತ್ತೇನೆ. ಅಂದು ಎಷ್ಟು ಗಟ್ಟಿಯಾಗಿ ಹೇಳಿದೆನೋ ಅಷ್ಟೇ ಗಟ್ಟಿಯಾಗಿ. ಮೊಳೆಯ ಮೇಲಿನ ಕೀ ತೆಗೆದು ನಿಮ್ಮ ಮುಂದೆ ಇಡುತ್ತೇನೆ. ನೀವು ಅದನ್ನು ತೆಗೆದುಕೊಳ್ಳದೆ ಒಳಗೆ ಹೋದರೂ ನಾನು ಏನೂ ಅನ್ನುವ ಹಾಗಿಲ್ಲ. ಕೀ ಕೊಟ್ಟರೂ, ಬೂದಿಕೋಟೆಯಿಂದ ಕರೆತರಲು ಈಗ ಯಾರೂ ಇಲ್ಲ.