ಅಮ್ಮ ಓಣ್ಯಾಗ ಇದ್ದಾಗ ಚುಚ್ಚಿದ ಸೂಜಿ

ಘಾಟ್ಕೋಪರದ ಗುಡ್ಡದ ಮ್ಯಾಲೆ ನಮ್ಮ ಝೋಪಡಿ. ಅರವತ್ತರ ದಶಕ ಮುಗಿಯೂ ಕಾಲ. ಅಪ್ಪ ಗೋರೆಗಾಂವದಾಗ ಬಿಲ್ಡಿಂಗ್ ಕೆಲಸಕ್ಕ ಹೋದಾಂವ ಅಲ್ಲೇ ಮಲಗತಿದ್ದ, ವಾರಕ್ಕೊಮ್ಮೆ ಬರತಿದ್ದ. ಅವ್ವ ಗುಡ್ಡದ ಬುಡದಾಗೇ ಒಂದು ಕಟ್ಟಡಕ್ಕ ಉಸುಕು ಹೊರತಿದ್ಳು. ಒಂದೂವರಿ ವರ್ಷದ ತಮ್ಮನ್ನ ನೋಡಿಕೊಳ್ಳಾಕಿ ಹತ್ತು ವರ್ಷದ ನಾನು. ಓಣಿ ತುಂಬ ನಮ್ಮ ವಿಜಾಪುರ, ಗುಲ್ಬರ್ಗಾ ಕಡೀ ಮಂದಿನೇ.

ಆ ಬ್ಯಾಸಗ್ಯಾಗ ಬಾಜೂ ಮನಿ ಹುಡುಗಿಗೆ ಅಮ್ಮ ಬಂದ್ಳು. ಅಮ್ಮ ಅಂದ್ರ ಸಿಡುಬು. ಹಡದಾಕಿಗೆ ನಾವು ಅವ್ವ ಅಂತೀವಿ. ಬ್ಯಾನಿ ಅಂತ ಯಾರೂ ಅನ್ನಂಗಿಲ್ಲ, ಆಕಿ ಮನಿಗೆ ಬಂದ ಬೀಗತಿ ಇದ್ದಂಗ. ಒಬ್ಬರ ಮನ್ಯಾಗ ಇಳದ್ರ ಇಡೀ ಓಣಿ ಒಗ್ಗರಣಿ ಬಿಡಬೇಕು, ಹಂಡೇದಾಗ ಬೇವಿನ ನೀರು ಇಡಬೇಕು. ಸೂಜಿ ಹಿಡದು ಹರಕ ಬಟ್ಟಿ ಸೈತ ಹೊಲಿಯಂಗಿಲ್ಲ, ಸೂಜಿ ಕಂಡ್ರ ಆಕಿ ಸಿಟ್ಟಾಗತಾಳ. ಮೊಸರನ್ನ ಕಟ್ಟಿ ಆಕೀನ ಕಳಿಸಿದ ಮ್ಯಾಲೆ ಎಲ್ಲಾ ಚಾಲೂ. ಊರಾಗಾದ್ರ ಸೀಮಿಗೆ ಒಯ್ದು ಬಿಡತಿದ್ರು; ಮುಂಬಯಿದಾಗ ಎಲ್ಲಿ ಸೀಮಿ ಹುಡುಕೂದು, ರೇಲ್ವೆ ಪಟ್ಟಿ ದಾಟಿಸಿ ಬರತಿದ್ರು.

ಹೇಳ್ರಿ, ಇಂಥಾ ಹೊತ್ತಿನ್ಯಾಗ ಮುನ್ಸಿಪಾಲ್ಟಿಯಾಂವ ಸೂಜಿ ತಗೊಂಡು ಬಂದ್ರ ಯಾರು ತೋಳು ಕೊಡತಾರ? ಕೆಲವರು ಬಾಗಲಾ ಹಾಕಿಕೊಂಡು ಕುಂತ್ರು, ಕೆಲವರು ಕೂಸುಗಳನ್ನ ಅವಚಿಕೊಂಡು ಗುಡ್ಡ ಹತ್ತಿದ್ರು. ಅವ್ವ ಕೆಲಸಕ್ಕ ಹೋಗೂ ಮುಂದ ನನಗ ಹೇಳಿದ್ಳು: "ಆ ಸೂಜಿಯಾಂವ ಬಂದ್ರ ಬಾಗಲಾ ತಗೀಬ್ಯಾಡ. ಆಕಿ ಹೋಗಲಿ, ಆಮ್ಯಾಲೆ ನಾನೇ ಹಾಕಸ್ತೀನಿ." ಅವ್ವ ಬ್ಯಾಡ ಅನ್ನಲಿಲ್ಲ, ಈಗ ಬ್ಯಾಡ ಅಂದ್ಳು. ಇದನ್ನ ಸಾಲಿ ಕಲತವರಿಗೆ ಹೇಳಿದ್ರ ತಿಳಿಯೂದಿಲ್ಲ, ಗುಡಿಸಲದ ಮಂದಿ ದಡ್ಡರು ಅಂದು ಕೈ ತೊಳಕೋತಾರ.

ಆದ್ರ ಅದೇ ತಿಂಗಳು, ಅಮ್ಮ ಬರೂ ಮೊದಲೇ, ನನಗ ಸಾಲ್ಯಾಗ ಸೂಜಿ ಹಾಕಿದ್ರು. ಹಾಕಿಸಿಕೊಳ್ಳದ ಕೂಸಿಗೆ ಬಂದ್ರ ಉಳಿಯೂದು ಕಠಿಣ ಅಂತ ನಮ್ಮ ಕನ್ನಡ ಸಾಲಿ ಅಕ್ಕೋರು ಹೇಳಿದ್ದು ತಲ್ಯಾಗ ಕುಂತಿತ್ತು. ಸೂಜಿಯಾಂವ ಬಾಗಲಾ ಬಡದಾಗ ನಾ ತಗದೆ. ತಮ್ಮನ ತೋಳು ನಾನೇ ಹಿಡದೆ. ಅಂವಾ ಒಂದು ಹನಿ ಔಷಧ ಹಚ್ಚಿ ಚುಚ್ಚಿದ, ನೀರು ತಾಗಸಬ್ಯಾಡ ಅಂತ ಮರಾಠಿಯೊಳಗ ಹೇಳಿದ, ಬಾಗಲಕ್ಕ ಸುಣ್ಣದ ಖಡೂದಿಂದ ಗುರುತು ಹಾಕಿ ಹೋದ.

ಅಂವಾ ಇನ್ನೂ ಓಣಿ ದಾಟಿರಲಿಲ್ಲ, ಅವ್ವ ಕೂಸಿಗೆ ಮೊಲಿ ಕೊಡಾಕ ಬಂದ್ಳು. ತೋಳು ನೋಡಿದ್ಳು. ಬಡೀತಾಳ ಅನಕೊಂಡೆ, ಬಡೀಲಿಲ್ಲ. ಹಂಡೇದಾಗಿನ ಬೇವಿನ ನೀರು ತಗೊಂಡು ಆ ತೋಳನ್ನ ತಿಕ್ಕಿ ತಿಕ್ಕಿ ತೊಳದ್ಳು. ಮ್ಯಾಲೆ ಎಲ್ಲವ್ವನ ಭಂಡಾರ ಹಚ್ಚಿ, "ಸಣ್ಣ ಹುಡುಗಿ, ತಿಳೀಲಾರದ ಮಾಡೇತಿ, ಹೊಟ್ಟ್ಯಾಗ ಹಾಕ್ಕೋ ತಾಯಿ" ಅಂತ ಬಾಜೂ ಮನಿ ಕಡೆ ಕೈ ಮುಗದ್ಳು. ತಮ್ಮ ಅಳತಾನೇ ಇದ್ದ.

ವಾರ ಬಿಟ್ಟು ಸೂಜಿಯಾಂವ ತಿರುಗಿ ಬಂದ, ಯಾರು ಹಾಕಿಸಿಕೊಳ್ಳದೇ ಉಳದಾರ ನೋಡಾಕ. ಅವತ್ತ ಅವ್ವ ಮನ್ಯಾಗೇ ಇದ್ಳು. ಅಂವಾ ಬಾಗಲದ ಮ್ಯಾಲಿನ ಗುರುತು ನೋಡಿ, ಇಲ್ಲಿ ಆಗೇತಲ್ಲ ಅಂತ ನನ್ನ ಕೇಳಿದ. ನನ್ನ ತೋಳಿನ್ಯಾಗ ಗುಳ್ಳಿ ಎದ್ದು ಹೊಪ್ಪಳಿಗಟ್ಟಿತ್ತು, ತಮ್ಮನ ತೋಳು ನುಣ್ಣಗ ಇತ್ತು. ಔಷಧ ಹತ್ತಿಲ್ಲ ಅಂತ ನನಗ ಗೊತ್ತಿತ್ತು. ಬಾಯಿ ತಗದೆ. ಅವ್ವ ಹಿಂದಿನಿಂದ ನನ್ನ ರಟ್ಟಿ ಹಿಡದ್ಳು. "ಹೂಂ, ಆಗೇತಿ" ಅಂದೆ. ಅಂವಾ ಮುಂದಿನ ಮನಿಗೆ ಹೋದ.

ಬಾಜೂ ಮನಿ ಹುಡುಗಿ ಬದುಕಿದ್ಳು. ಆ ಮನ್ಯಾಗಿಂದ ಅಮ್ಮನ್ನ ಕಳಿಸೂ ಮೊದಲೇ ತಮ್ಮನ ಮೈ ಕಾದಿತ್ತು. ಬಾಯೊಳಗೆಲ್ಲ ಗುಳ್ಳಿ ಎದ್ದು ಕೂಸು ಮೊಲಿ ಹಿಡಿಯೂದು ಬಿಟ್ಟಿತು. ಹತ್ತು ದಿನಾನೂ ತಡೀಲಿಲ್ಲ. ಮಣ್ಣು ಮಾಡಿ ಬಂದ ದಿನಾ ಓಣಿ ಹೆಂಗಸರ ಮುಂದ ಅವ್ವ ಅಂದ್ಳು, "ಆಕಿ ಓಣ್ಯಾಗ ಇದ್ದಾಗ ಈಕಿ ಸೂಜಿ ಚುಚ್ಚಿಸಿದ್ಳು." ಎಲ್ಲಾರೂ ನನ್ನ ಕಡೆ ತಿರುಗಿ ನೋಡಿದ್ರು. ತೋಳು ತೊಳದ ಮಾತು ಆಕಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನೇ ಕೊಂದೆ ಅಂತ ಒಂದಿಷ್ಟು ದಿನ ಅಳತಿದ್ದೆ, ಅವ್ವನೇ ಕೊಂದ್ಳು ಅಂತ ಒಂದಿಷ್ಟು ದಿನ ಹಲ್ಲು ಕಡೀತಿದ್ದೆ. ರಾತ್ರಿ ಹೊದ್ದು ಮಲಗಾಕ ಇಬ್ಬರಿಗೂ ಒಂದೇ ಕೌದಿ. ಆ ಸಿಟ್ಟು ನನಗ ಬಿಸಿತುಪ್ಪ ಆಗಿತ್ತು, ನುಂಗಾಕೂ ಆಗಲಿಲ್ಲ, ಉಗುಳಾಕೂ ಆಗಲಿಲ್ಲ. ಲಗ್ನಾಗಿ ಅದೇ ಗುಡ್ಡದ ಇನ್ನೊಂದು ಓಣಿಗೆ ಹೋದೆ.

ಎಪ್ಪತ್ತರ ದಶಕ ಅರ್ಧ ಕಳದ ಮ್ಯಾಲೆ ನನಗ ಮಗಳು ಹುಟ್ಟಿದ್ಳು. ಅವ್ವಗ ಹೇಳದೇ ದವಾಖಾನಿಗೆ ಒಯ್ದು ಸೂಜಿ ಹಾಕಿಸಿಕೊಂಡು ಬಂದೆ. ಬಂದು ನೋಡಿದ್ರ ಅವ್ವ ನನ್ನ ಬಾಗಲದಾಗ ಕುಂತಾಳ.

"ಕೂಸು ಕೊಡು" ಅಂದ್ಳು. ನಾ ಕೊಡಲಿಲ್ಲ, ಅವಚಿಕೊಂಡೇ ಕುಂತೆ. ಆಕಿ ಸರದು ಬಂದು ಬಾಜೂಕ ಕುಂತು, ಕೂಸಿನ ಸೂಜಿ ಚುಚ್ಚಿದ ತೋಳನ್ನ ಎರಡು ಬೆರಳಿನಿಂದ ಹಿಡದ್ಳು. ಸೆರಗು ಸವರಲಾರದಂಗ, ನೊಣ ಕೂಡಲಾರದಂಗ ಹಿಡಕೊಂಡು ಎಷ್ಟೋ ಹೊತ್ತು ಕುಂತ್ಳು.

ಆಮ್ಯಾಲೆ ಅಂದ್ಳು, "ಅವತ್ತ ಆ ಸೂಜಿಯಾಂವ ತಿರುಗಿ ಬಂದಾಗ ನೀ ಹೇಳಬೇಕಿತ್ತು."

"ರಟ್ಟಿ ಹಿಡದಾಕಿ ನೀನೇ ಅಲ್ಲೇನವಾ?" ಅಂದೆ.

"ಹೌದು, ನಾನೇ ಹಿಡದಿದ್ದೆ" ಅಂದ್ಳು. ಕೂಸಿನ ತೋಳು ಬಿಡಲಿಲ್ಲ.